ರೂಲ್ ಬರೆದವರು ಯಾರು?

"ಗೇಮ್ ಆಡಿ ಯಾರಿಗಾದ್ರೂ ಬುದ್ಧಿ ಬಂದಿದ್ಯೇನ್ರೀ?" ಅಂತ ಕೇಳೋರ ಮೇಲೂ, ನಾಲ್ಕು ಕ್ವಿಝ್‌ಗೆ ಒಂದು ಬ್ಯಾಡ್ಜ್ ಅಂಟಿಸಿ "ಸೀರಿಯಸ್ ಗೇಮ್" ಅಂತ ಮಾರೋರ ಮೇಲೂ ನನ್ನ ತಕರಾರು ಒಂದೇ. ಇಬ್ಬರೂ ಆಟದ ರೂಲ್ ನೋಡೋದೇ ಇಲ್ಲ. ಆಟ ನಮ್ಮ ಮನಸ್ಸು ಒಲಿಸೋದು ಮಾತಿನಿಂದಲ್ಲ, ರೂಲಿನಿಂದ. ಏನು ಮಾಡಬಹುದು, ಮಾಡಿದ್ರೆ ಏನಾಗುತ್ತೆ ಅಂತ ಅದು ಗೆರೆ ಎಳೆಯುತ್ತೆ. ಆಡ್ತಾ ಆಡ್ತಾ ಆ ಗೆರೆಯೇ ಲೋಕದ ನಿಯಮ ಅನ್ನಿಸಿಬಿಡುತ್ತೆ.

2002ರಲ್ಲಿ ಅಮೆರಿಕದ ಸೇನೆ 'ಅಮೆರಿಕಾಸ್ ಆರ್ಮಿ' ಅನ್ನೋ ಗೇಮ್ ಮಾಡಿಸಿ ಪುಕ್ಕಟೆ ಹಂಚಿತು. ಹುಡುಗರನ್ನು ಸೇನೆಯತ್ತ ಸೆಳೆಯೋದು ಉದ್ದೇಶ. ಅದರಲ್ಲಿ ನೀವು ಯಾವ ತಂಡದಲ್ಲಿದ್ರೂ ನಿಮ್ಮ ಸ್ಕ್ರೀನಲ್ಲಿ ನೀವೇ ಅಮೆರಿಕದ ಸೈನಿಕ, ಎದುರಿನವನೇ ವೈರಿ. ಅವನ ಸ್ಕ್ರೀನಲ್ಲಿ ಉಲ್ಟಾ! ವೈರಿಯ ಜಾಗದಲ್ಲಿ ನಿಂತು ನೋಡೋ ಸಾಧ್ಯತೆಯನ್ನೇ ಕೋಡಿನಲ್ಲಿ ಕಿತ್ತುಹಾಕಿದ್ದರು.

ಮರುವರ್ಷ ಉರುಗ್ವೆಯ ಗೊಂಜಾಲೊ ಫ್ರಾಸ್ಕಾ 'ಸೆಪ್ಟೆಂಬರ್ 12' ತಂದರು. ಒಂದು ಊರು, ಓಡಾಡೋ ಜನ, ನಡುವೆ ಕೆಲವು ಭಯೋತ್ಪಾದಕರು. ನಿಮ್ಮ ಕೈಲಿ ಕ್ಷಿಪಣಿ. ಒತ್ತಿದ ತಕ್ಷಣ ಅದು ಬೀಳಲ್ಲ. ಅಷ್ಟರಲ್ಲಿ ಇನ್ಯಾರೋ ಅಲ್ಲಿಗೆ ಬಂದಿರ್ತಾರೆ, ಸಾಯ್ತಾರೆ. ಹೆಣದ ಮುಂದೆ ಅತ್ತವರು ಭಯೋತ್ಪಾದಕರಾಗಿ ಏಳ್ತಾರೆ. ಗೆಲುವಿಲ್ಲ, ಸೋಲಿಲ್ಲ. ಹೊಡೀಬಹುದು, ಇಲ್ಲಾ ಸುಮ್ಮನಿರಬಹುದು.

ನನಗೆ ಎರಡನೆಯದು ಇಷ್ಟ. ಹಾಗಂತ ಅದನ್ನು ಪ್ರಶ್ನೆ ಮಾಡದೆ ಬಿಡಬೇಕಾ? ಭಯೋತ್ಪಾದನೆ ಹುಟ್ಟೋದು ಇಷ್ಟು ಸರಳವಾಗಿಯಾ? ಅದೂ ಒಬ್ಬರು ಬರೆದ ರೂಲೇ ತಾನೆ? ಈ ಪ್ರಶ್ನೆ ಕೇಳೋದನ್ನ ಕಲಿಸಿದರೆ ಮಾತ್ರ ಗೇಮ್ ಸೀರಿಯಸ್. ಇಲ್ಲದಿದ್ರೆ ಒಳ್ಳೆ ಉದ್ದೇಶದ್ದೂ ಪ್ರಚಾರವೇ.

ನಮ್ಮೂರಲ್ಲಿ ಗೋಲಿ ಆಡೋಕೆ ಮುಂಚೆ ರೂಲಿನ ಬಗ್ಗೆ ದೊಡ್ಡ ಜಗಳವೇ ನಡೀತಿತ್ತು. ಒಪ್ಪಿಗೆಯಾದ ಮೇಲೇ ಆಟ. ಸ್ಕ್ರೀನಿನ ಆಟದಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ. ರೂಲ್ ಒಳಗೆಲ್ಲೋ ಅಡಗಿ ಕೂತಿದೆ. ಡೆಲಿವರಿ ಹುಡುಗನ ಫೋನಲ್ಲಿ "ಇನ್ನೆರಡು ಆರ್ಡರ್ ಮುಗಿಸಿದ್ರೆ ಬೋನಸ್" ಅಂತ ಮಿನುಗೋದೂ ಇಂಥದ್ದೇ ಆಟ. ಮಳೆಯಲ್ಲಿ ಗಾಡಿ ಓಡಿಸೋನು ಅವನು. ರೂಲ್ ಬರೆಯೋದು ಎಸಿ ರೂಮಲ್ಲಿ ಕೂತ ನಮ್ಮಂಥವರು.

ಅದಕ್ಕೇ ಹೇಳ್ತೀನಿ, ಕಾಲೇಜಲ್ಲೂ ಆಫೀಸಲ್ಲೂ ಗೇಮ್ ಆಡಿಸಿ. ಮುಗಿದ ಮೇಲೆ ಸ್ಕೋರ್ ಎಷ್ಟು ಅಂತ ಕೇಳಬೇಡಿ. ಈ ಆಟ ನಿನಗೆ ಏನನ್ನ ಮಾಡೋಕೆ ಬಿಡಲಿಲ್ಲ, ಅದರಿಂದ ಯಾರಿಗೆ ಲಾಭ ಅಂತ ಕೇಳಿ. ಆಮೇಲೆ ಒಂದು ರೂಲ್ ಬದಲಾಯಿಸಿ ಇನ್ನೊಂದು ಸಲ ಆಡಿಸಿ.