ಕಿವಿಗೊಡಬೇಡಿ ಎಂದರೆ ಕಿವಿ ಮುಚ್ಚೀತೇ?

ನಾಡಿನಲ್ಲಿ ಎಲ್ಲಿಯೇ ಗಲಭೆಯಾಗಲಿ, ಪ್ರವಾಹ ಬರಲಿ, ರೋಗ ಹರಡಲಿ, ಸರ್ಕಾರದ ಕಡೆಯಿಂದ ಹೊರಡುವ ಮೊದಲ ಪ್ರಕಟಣೆಯಲ್ಲಿ ಒಂದು ವಾಕ್ಯ ತಪ್ಪದೇ ಇರುತ್ತದೆ: ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದು. ಪತ್ರಿಕಾ ಕಚೇರಿಗಳಲ್ಲಿ ಈ ವಾಕ್ಯವನ್ನು ಯಾರೂ ತಿದ್ದುವುದಿಲ್ಲ, ಬಂದಂತೆಯೇ ಅಚ್ಚಿಗೆ ಹೋಗುತ್ತದೆ. ಆದರೆ ಆ ಒಂದು ವಾಕ್ಯದೊಳಗೆ ಕೇಳುಗನ ಬಗೆಗಿನ ಇಡೀ ಒಂದು ಸಿದ್ಧಾಂತವೇ ಅಡಗಿದೆ. ಸಂದೇಶವೆಂಬುದು ಕಿವಿಯ ಮೂಲಕ ಒಳಹೊಕ್ಕು ನೇರವಾಗಿ ಬುದ್ಧಿಯನ್ನು ಕೆಡಿಸುತ್ತದೆ, ಆದ್ದರಿಂದ ಕಿವಿ ಮುಚ್ಚಿಕೊಂಡರೆ ಅಪಾಯ ತಪ್ಪುತ್ತದೆ ಎಂಬುದೇ ಆ ಸಿದ್ಧಾಂತ. ಸಂವಹನ ಶಾಸ್ತ್ರದ ವಿದ್ವಾಂಸರು ಇದನ್ನು ಅನುಮಾನಿಸಲು ಆರಂಭಿಸಿ ಎಂಟು ದಶಕಗಳು ಕಳೆದವು. ನಮ್ಮ ಗೃಹ ಇಲಾಖೆಗಳು ಮಾತ್ರ ಅದನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಇದು ಬರೀ ಪುಸ್ತಕದ ಚರ್ಚೆಯಲ್ಲ ಎಂಬುದಕ್ಕೆ 2012ರ ಆಗಸ್ಟ್ ತಿಂಗಳ ಬೆಂಗಳೂರೇ ಸಾಕ್ಷಿ. ಆ ವರ್ಷ ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಮತ್ತು ಸುತ್ತಲಿನ ಬೋಡೋ ಜಿಲ್ಲೆಗಳಲ್ಲಿ ಬೋಡೋ ಸಮುದಾಯ ಹಾಗೂ ಬಂಗಾಳಿ ಮಾತನಾಡುವ ಮುಸ್ಲಿಮರ ನಡುವೆ ಘರ್ಷಣೆ ಭುಗಿಲೆದ್ದಿತು. ಸುಮಾರು 4 ಲಕ್ಷ ಜನ ಮನೆಮಠ ತೊರೆದು ಪರಿಹಾರ ಶಿಬಿರಗಳನ್ನು ಸೇರಿದರು. ಆಗಸ್ಟ್ 11ರಂದು ಮುಂಬೈನ ಆಜಾದ್ ಮೈದಾನದಲ್ಲಿ ಹಿಂಸಾಚಾರ ನಡೆಯಿತು. ಪುಣೆಯಲ್ಲಿ ಈಶಾನ್ಯ ರಾಜ್ಯಗಳ ಕೆಲವು ಯುವಕರ ಮೇಲೆ ಹಲ್ಲೆಯಾಯಿತು. ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬ ಇರಿತಕ್ಕೊಳಗಾದ. ಅಷ್ಟರಲ್ಲಿ ಮೊಬೈಲ್‌ಗಳಿಗೆ ಎಸ್ಸೆಮ್ಮೆಸ್‌ಗಳು ಬರತೊಡಗಿದವು: ರಂಜಾನ್ ಹಬ್ಬ ಮುಗಿಯುವುದರೊಳಗೆ ಬೆಂಗಳೂರು ಬಿಡಿ, ಇಲ್ಲವಾದರೆ ಉಳಿಗಾಲವಿಲ್ಲ.

ಸ್ವಾತಂತ್ರ್ಯ ದಿನದಂದೇ ಬೆಂಗಳೂರು ಸಿಟಿ ರೈಲು ನಿಲ್ದಾಣ (ಇಂದಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ) ಕಿಕ್ಕಿರಿದು ತುಂಬಿತು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಕೆಲವೇ ದಿನಗಳಲ್ಲಿ ನಗರ ತೊರೆದವರ ಸಂಖ್ಯೆ 30 ಸಾವಿರದ ಆಸುಪಾಸು ಎಂದು ಆಗಿನ ವರದಿಗಳು ಅಂದಾಜಿಸಿದವು. ಗೃಹ ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಆರ್. ಅಶೋಕ ಸ್ವತಃ ನಿಲ್ದಾಣಕ್ಕೆ ಹೋಗಿ, ರಕ್ಷಣೆಯ ಹೊಣೆ ನಮ್ಮದು, ಹೋಗಬೇಡಿ ಎಂದು ಮನವಿ ಮಾಡಿದರು. ರೈಲು ಹತ್ತಿದವರು ಇಳಿಯಲಿಲ್ಲ.

ಬೆಂಗಳೂರಿನಲ್ಲಿ ಅವರ ವಿರುದ್ಧ ವ್ಯಾಪಕ ದಾಳಿಯೇನೂ ನಡೆದಿರಲಿಲ್ಲ. ಹಾಗಿದ್ದರೂ ಅಷ್ಟು ಜನ ಹೊರಟದ್ದೇಕೆ? ವಿದ್ಯಾರ್ಥಿಗಳು, ಕಾಲ್ ಸೆಂಟರ್ ನೌಕರರು, ಹೋಟೆಲು, ಬ್ಯೂಟಿ ಪಾರ್ಲರ್‌ಗಳಲ್ಲಿ ದುಡಿಯುವವರು, ಸೆಕ್ಯುರಿಟಿ ಗಾರ್ಡ್‌ಗಳು ಎಲ್ಲರೂ ಒಂದು ಎಸ್ಸೆಮ್ಮೆಸ್ ನಂಬುವಷ್ಟು ಮುಗ್ಧರೇ?

ಮೊದಲ ಮಹಾಯುದ್ಧದ ಪ್ರಚಾರತಂತ್ರವನ್ನು ಕಂಡು ಬೆರಗಾದ ಕಾಲದಲ್ಲಿ ಈ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಲೀಸಾಗಿ ಸಿಗುತ್ತಿತ್ತು. ಮಾಧ್ಯಮದ ಸಂದೇಶ ಬಂದೂಕಿನ ಗುಂಡಿನಂತೆ, ಅಥವಾ ಚುಚ್ಚುಮದ್ದಿನಂತೆ. ತಾಗಿದವರೆಲ್ಲರ ಮೇಲೂ ಒಂದೇ ಪರಿಣಾಮ. ಈ ನಂಬಿಕೆಗೆ ಪುರಾವೆಯಾಗಿ ಪಠ್ಯಪುಸ್ತಕಗಳು ಇಂದಿಗೂ ಕೊಡುವ ಉದಾಹರಣೆ 1938ರ ಅಕ್ಟೋಬರ್ 30ರ ರಾತ್ರಿಯದು. ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿಯ ಕಥೆಯನ್ನು ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿದಾಗ ದೇಶವೇ ಬೀದಿಗೆ ಓಡಿತು ಎಂಬ ಕಥೆ ಅದು. ಇದರಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ಆ ರಾತ್ರಿಯ ಶ್ರೋತೃ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದವರು ಶೇ 2ರಷ್ಟು ಮಾತ್ರ. ಜಾಹೀರಾತಿನ ವರಮಾನವನ್ನು ರೇಡಿಯೊ ಕಸಿಯುತ್ತಿದ್ದ ಕಾಲದಲ್ಲಿ ಪತ್ರಿಕೆಗಳು ಈ ಸುದ್ದಿಯನ್ನು ಹಿಗ್ಗಿಸಿ ಬರೆದವು. (ಹೊಸ ಮಾಧ್ಯಮದ ಮೇಲೆ ಹಳೆಯ ಮಾಧ್ಯಮದ ಸಿಟ್ಟು ನಮಗೂ ಅಪರಿಚಿತವಲ್ಲ.) ಹೆದರಿದವರು ಇದ್ದರು, ನಿಜ. ಅವರನ್ನು ಸಂದರ್ಶಿಸಿದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯಾಡ್ಲಿ ಕ್ಯಾಂಟ್ರಿಲ್ ಕಂಡುಕೊಂಡ ಸಂಗತಿ ಬೇರೆಯೇ. ಕೆಲವರಿಗೆ ಕೇಳಿಸಿದ್ದು ಮಂಗಳ ಗ್ರಹದವರಲ್ಲ, ಜರ್ಮನರು! ಒಂದು ತಿಂಗಳ ಹಿಂದಷ್ಟೇ ಮ್ಯೂನಿಕ್ ಬಿಕ್ಕಟ್ಟಿನಲ್ಲಿ ಯುದ್ಧ ಕೂದಲೆಳೆಯಲ್ಲಿ ತಪ್ಪಿತ್ತು. ಆ ಭಯ ಅವರ ಮನೆಯಲ್ಲಿ ಮೊದಲೇ ಕುಳಿತಿತ್ತು. ರೇಡಿಯೊ ಅದಕ್ಕೆ ಮಾತು ಕೊಟ್ಟಿತು.

ಎರಡು ವರ್ಷಗಳ ನಂತರ, 1940ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಕಾಲದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ತಿಂಗಳು ತಿಂಗಳೂ ಭೇಟಿಯಾಗಿ ಮಾತನಾಡಿಸಿದರು. ರೇಡಿಯೊ, ಪತ್ರಿಕೆಗಳ ಪ್ರಚಾರಕ್ಕೆ ಸಿಕ್ಕಿ ಪಕ್ಷ ಬದಲಿಸಿದವರು ಬಹಳ ಕಡಿಮೆ. ಯಾರ ಮಾತಿನಿಂದ ನಿರ್ಧಾರಕ್ಕೆ ಬಂದಿರಿ ಎಂದು ಕೇಳಿದರೆ ಗಂಡ, ಅಣ್ಣ, ಜೊತೆಗಾರ, ಪಕ್ಕದ ಮನೆಯವರು ಎಂಬ ಉತ್ತರಗಳು ಬಂದವು. ಮಾಧ್ಯಮದ ಮಾತು ಮೊದಲು ಊರಿನಲ್ಲಿ ನಾಲ್ಕು ಜನ ಕೇಳುವ ವ್ಯಕ್ತಿಗೆ ಮುಟ್ಟುತ್ತದೆ, ಅವನಿಂದ ಉಳಿದವರಿಗೆ ಇಳಿಯುತ್ತದೆ ಎಂಬ ‘ಎರಡು ಹಂತದ ಹರಿವು’ ಸಿದ್ಧಾಂತ ಹುಟ್ಟಿದ್ದು ಅಲ್ಲಿಂದ. ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದ ಮೇಷ್ಟ್ರನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ.

ಈ ಬೆಳಕಿನಲ್ಲಿ 2012ನ್ನು ಮತ್ತೆ ನೋಡಬೇಕು. ಅಂದು ನಿಲ್ದಾಣದಲ್ಲಿ ಸುದ್ದಿಗಾರರೊಂದಿಗೆ ಮಾತನಾಡಿದ ಅನೇಕರು ಹೇಳಿದ್ದು, ಊರಿನಿಂದ ಅಪ್ಪ ಅಮ್ಮ ಫೋನ್ ಮಾಡಿ ಬಂದುಬಿಡು ಎಂದರು, ಅದಕ್ಕೇ ಹೊರಟಿದ್ದೇವೆ ಎಂದು. ಎಸ್ಸೆಮ್ಮೆಸ್ ಕಳುಹಿಸಿದ ಅನಾಮಧೇಯನನ್ನು ಅವರು ನಂಬಬೇಕಾಗಿರಲಿಲ್ಲ, ತಾಯಿಯನ್ನು ನಂಬಿದರು. ಇತ್ತ ಟಿ.ವಿ. ವಾಹಿನಿಗಳು ನಿಲ್ದಾಣದ ನೂಕುನುಗ್ಗಲನ್ನು ಎಡೆಬಿಡದೆ ತೋರಿಸಿದವು. ಮೂರು ಸಾವಿರ ಕಿಲೋಮೀಟರ್ ದೂರದ ಮನೆಯಲ್ಲಿ ಕುಳಿತ ತಾಯಿಗೆ ಆ ದೃಶ್ಯಕ್ಕಿಂತ ದೊಡ್ಡ ಪುರಾವೆ ಬೇಕೇ? ವಿಶೇಷ ರೈಲು ಬಿಟ್ಟದ್ದು ಜನರ ಅನುಕೂಲಕ್ಕೆ. ಆದರೆ ಸರ್ಕಾರವೇ ರೈಲು ಬಿಡುತ್ತಿದೆ ಎಂಬುದು ಕೇಳುಗನಿಗೆ ಬೇರೊಂದು ಸಂದೇಶವನ್ನೂ ಕೊಡುತ್ತದೆ. ಒಂದು ಬಾಯಿ ಹೋಗಬೇಡಿ ಎನ್ನುವಾಗ ಇನ್ನೊಂದು ಕೈ ಟಿಕೆಟ್ ಕೊಡುತ್ತಿತ್ತು. ರೈಲು ಬಿಡಬಾರದಿತ್ತು ಎಂದು ಇದರ ಅರ್ಥವಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ ಕಾಲ್ತುಳಿತವಾಗಿದ್ದರೆ ಗತಿಯೇನು?

ವದಂತಿಯ ವಿಚಾರದಲ್ಲಿ ಅತ್ಯಂತ ಬೆಲೆಬಾಳುವ ಅಧ್ಯಯನ ಅಮೆರಿಕದ್ದಲ್ಲ, ನಮ್ಮದೇ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಗಿ ಮುಂಗೇರ್, ಮುಜಫ್ಫರ್‌ಪುರಗಳು ನೆಲಕಚ್ಚಿದವು. ಪಟ್ನಾದ ಮನೋವಿಜ್ಞಾನಿ ಜಮುನಾ ಪ್ರಸಾದ್ ಆ ದಿನಗಳಲ್ಲಿ ಜನರ ಬಾಯಲ್ಲಿ ಓಡಾಡುತ್ತಿದ್ದ ವದಂತಿಗಳನ್ನು ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ಪಟ್ನಾಕ್ಕೆ ಚಂಡಮಾರುತ ಅಪ್ಪಳಿಸಲಿದೆ, ಚಂದ್ರಗ್ರಹಣದ ದಿನ ಮತ್ತೊಂದು ಭೂಕಂಪ ಖಚಿತ, ನೇಪಾಳದ ಗಡಿಯಿಂದ ಪ್ರವಾಹ ನುಗ್ಗುತ್ತಿದೆ ಎಂಬಂಥವು ಅವು. ಕಂಪನದ ಅನುಭವವಾಗಿದ್ದರೂ ಹಾನಿ ಕಣ್ಣಿಗೆ ಬೀಳದ ಪ್ರದೇಶಗಳಲ್ಲಿ ಇವು ಹಬ್ಬಿದ್ದವು. ಅಮೆರಿಕದ ಲಿಯಾನ್ ಫೆಸ್ಟಿಂಜರ್ ಈ ಲೇಖನವನ್ನು ಓದಿ ತಬ್ಬಿಬ್ಬಾದರು. ಬದುಕುಳಿದವರು ಸಮಾಧಾನದ ಮಾತು ಹುಡುಕುವುದು ಬಿಟ್ಟು ಇನ್ನಷ್ಟು ಭಯದ ಸುದ್ದಿಯನ್ನು ಯಾಕೆ ಹರಡುತ್ತಾರೆ? ಅವರು ಕಂಡುಕೊಂಡ ವಿವರಣೆ ಇದು: ಕಂಪನದಿಂದ ಭಯ ಹುಟ್ಟಿಬಿಟ್ಟಿದೆ, ಆದರೆ ಸುತ್ತ ನೋಡಿದರೆ ಭಯಪಡಲು ಕಾರಣ ಕಾಣುತ್ತಿಲ್ಲ. ಕಾರಣವಿಲ್ಲದ ಭಯವನ್ನು ಹೊತ್ತು ತಿರುಗುವುದು ಕಷ್ಟ. ವದಂತಿ ಆ ಭಯಕ್ಕೆ ಕಾರಣ ಒದಗಿಸುತ್ತದೆ. ಡಾರ್ಜಿಲಿಂಗ್‌ನ ಭೂಕುಸಿತದ ನಂತರ ದುರ್ಗಾನಂದ ಸಿನ್ಹಾ ನಡೆಸಿದ ಅಧ್ಯಯನ ಇದಕ್ಕೆ ಪೂರಕವಾಗಿತ್ತು. ಹಾನಿ ಎದುರಿಗೇ ಇದ್ದ ಅಲ್ಲಿ ಹೊಸ ಅನಾಹುತಗಳ ವದಂತಿಗೆ ಅಂಥ ಬೆಲೆ ಸಿಕ್ಕಿರಲಿಲ್ಲ. ಫೆಸ್ಟಿಂಜರ್ 1957ರಲ್ಲಿ ಮಂಡಿಸಿದ ಜಗತ್ಪ್ರಸಿದ್ಧ ಸಿದ್ಧಾಂತದ ಒಂದು ಬೇರು ಹೀಗೆ ಬಿಹಾರದ ಮಣ್ಣಿನಲ್ಲಿದೆ.

ಅಂದರೆ ವದಂತಿ ಭಯವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಭಯವೇ ವದಂತಿಯನ್ನು ಕರೆಯುತ್ತದೆ. ಬೆಂಗಳೂರಿನ ಈಶಾನ್ಯದವರಲ್ಲಿ ಆ ಭಯ ಎಲ್ಲಿಂದ ಬಂದಿತ್ತು? ಕೊಕ್ರಾಝಾರ್ ಒಂದು ಉತ್ತರ, ಪುಣೆ ಇನ್ನೊಂದು. ಮೂರನೆಯ ಉತ್ತರ ನಮಗೆ ಅಷ್ಟು ಹಿತವಾಗುವಂಥದ್ದಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ ‘ಚಿಂಕಿ’ ಎಂದು ಕರೆಸಿಕೊಂಡವನಿಗೆ, ಬಾಡಿಗೆ ಮನೆ ಕೇಳಿದಾಗ ಮುಖ ನೋಡಿ ಇಲ್ಲ ಎನ್ನಿಸಿಕೊಂಡವಳಿಗೆ, ಈ ಊರು ಆಪತ್ಕಾಲದಲ್ಲಿ ತನ್ನ ಬೆನ್ನಿಗೆ ನಿಲ್ಲುತ್ತದೆ ಎಂಬ ಭರವಸೆ ಎಲ್ಲಿಂದ ಬರಬೇಕು? ಎಸ್ಸೆಮ್ಮೆಸ್ ಸುಳ್ಳು ಎಂದು ಸಾಬೀತುಪಡಿಸುವುದು ಸುಲಭ. ಆ ಸುಳ್ಳಿಗೆ ಜಾಗ ಮಾಡಿಕೊಟ್ಟ ಅನುಭವ ಸುಳ್ಳಾಗಿರಲಿಲ್ಲ.

ಕೇಂದ್ರ ಸರ್ಕಾರ ಅಂದು ಮಾಡಿದ್ದೇನು? ಆಗಸ್ಟ್ 17ರಂದು ಸಗಟು ಎಸ್ಸೆಮ್ಮೆಸ್‌ಗಳನ್ನು 15 ದಿನ ನಿಷೇಧಿಸಿ, ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ ಮಿತಿ ಹೇರಿತು; ಕೆಲ ದಿನಗಳ ಬಳಿಕ ಮಿತಿಯನ್ನು 20ಕ್ಕೆ ಏರಿಸಿತು. ನೂರಾರು ಅಂತರ್ಜಾಲ ಪುಟಗಳಿಗೆ ತಡೆಯೊಡ್ಡಿತು. ತಿರುಚಿದ ಚಿತ್ರಗಳು ಪಾಕಿಸ್ತಾನದಿಂದ ಬಂದಿವೆ ಎಂದು ಗೃಹ ಕಾರ್ಯದರ್ಶಿ ಹೇಳಿದರು. ಎಲ್ಲ ಕ್ರಮಗಳೂ ಗುಂಡು ಎಲ್ಲಿಂದ ಹಾರಿತು ಎಂಬುದರ ಸುತ್ತಲೇ ಇದ್ದವು.

ಆರು ವರ್ಷಗಳ ನಂತರ ಮತ್ತೆ ಅದೇ ಕಥೆ, ಈ ಬಾರಿ ರಕ್ತದೊಂದಿಗೆ. 2018ರಲ್ಲಿ ದೇಶದಾದ್ಯಂತ ಮಕ್ಕಳ ಕಳ್ಳರ ವದಂತಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಬಲಿಯಾದ. ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಆ ದಿನಗಳಲ್ಲಿ ಎಲ್ಲೆಡೆ ಹರಿದಾಡಿದ ವಿಡಿಯೊ ಒಂದರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮೂಲತಃ ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯ ಸಂಸ್ಥೆಯೊಂದು ತಯಾರಿಸಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗಕ್ಕೆ ಯಾರೋ ಕತ್ತರಿ ಹಾಕಿದ್ದರು. ಕಳುಹಿಸುವವನು ತುಂಬಿದ ಅರ್ಥವನ್ನೇ ನೋಡುಗನು ಬಿಚ್ಚಿಕೊಳ್ಳುತ್ತಾನೆಂಬ ಖಾತರಿಯಿಲ್ಲ ಎಂದು ಬ್ರಿಟನ್ನಿನ ಸ್ಟುವರ್ಟ್ ಹಾಲ್ 1973ರಲ್ಲೇ ಹೇಳಿದ್ದರು. ಇಲ್ಲಿಯಂತೂ ಕಟ್ಟಿದವರೊಬ್ಬರು, ಕತ್ತರಿಸಿದವರೊಬ್ಬರು, ಬಿಚ್ಚಿದವರು ಕೋಟಿ ಜನ. ಅದನ್ನು ಮುಂದೆ ಕಳುಹಿಸಿದವರಲ್ಲಿ ಹೆಚ್ಚಿನವರು ದುಷ್ಟರಲ್ಲ; ಅಕ್ಕನ ಮಕ್ಕಳು ಹುಷಾರಾಗಿರಲಿ ಎಂಬ ಕಾಳಜಿಯ ಚಿಕ್ಕಪ್ಪಂದಿರು.

ಮತ್ತೆ ಮದ್ದು ಅದೇ, ಸಂಖ್ಯೆಯೂ ಅದೇ. ಒಂದು ಸಂದೇಶವನ್ನು ಐದು ಕಡೆಗಳಿಗಿಂತ ಹೆಚ್ಚು ರವಾನಿಸದಂತೆ ವಾಟ್ಸ್‌ಆ್ಯಪ್ 2018ರ ಜುಲೈನಲ್ಲಿ ಭಾರತದಲ್ಲಿ ಮಿತಿ ಪ್ರಕಟಿಸಿತು. ವೇಗ ತಗ್ಗಿಸುವುದು ತಪ್ಪಲ್ಲ. ಆದರೆ ಅದೇ ಕಾಲದಲ್ಲಿ ನಮ್ಮ ರಾಯಚೂರಿಗೆ ಅಂಟಿಕೊಂಡಿರುವ ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ರೇಮಾ ರಾಜೇಶ್ವರಿ ಬೇರೆ ದಾರಿ ಹಿಡಿದರು. ಹಳ್ಳಿಗೊಬ್ಬ ಪೊಲೀಸನನ್ನು ಹೊಣೆ ಮಾಡಿ, ಆತ ಊರಿನವರೊಂದಿಗೆ ಬೆರೆಯುವಂತೆ ಮಾಡಿದರು. ಡೋಲು ಬಾರಿಸುವವರಿಂದ, ಜನಪದ ಹಾಡುಗಾರರಿಂದ ಸುಳ್ಳು ವಿಡಿಯೊಗಳ ವಿಚಾರವನ್ನು ಹಾಡಿಸಿದರು. ಆ ಜಿಲ್ಲೆಯಲ್ಲಿ ಗುಂಪು ಹತ್ಯೆ ನಡೆಯಲಿಲ್ಲ. ಈರಿ ಕೌಂಟಿಯ ಪಾಠ ಗದ್ವಾಲದಲ್ಲಿ ಕೆಲಸ ಮಾಡಿತು.

ಇಂಥ ಚರ್ಚೆ ಬಂದಾಗಲೆಲ್ಲ ನಗರದ ಓದುಗರು ಹೇಳುವ ಮಾತೊಂದಿದೆ: ನಾವು ನಂಬುವುದಿಲ್ಲ ಬಿಡಿ, ಪಾಪ ಹಳ್ಳಿಯವರು ನಂಬುತ್ತಾರೆ. ಇದಕ್ಕೂ ಒಂದು ಸಿದ್ಧಾಂತವಿದೆ. ತನ್ನ ಮೇಲಾಗದ ಪರಿಣಾಮ ಬೇರೆಯವರ ಮೇಲೆ ಆಗುತ್ತದೆಂದು ಮನುಷ್ಯ ಭಾವಿಸುತ್ತಾನೆ ಎಂದು ಫಿಲಿಪ್ಸ್ ಡೇವಿಸನ್ 1983ರಲ್ಲಿ ಬರೆದರು. ನಿಷೇಧ, ಸೆನ್ಸಾರ್‌ಗಳಿಗೆ ಸುಲಭವಾಗಿ ಬೆಂಬಲ ದೊರೆಯುವುದು ಈ ಭಾವನೆಯಿಂದಲೇ. ಅಂತರ್ಜಾಲ ಕಡಿತಗೊಳಿಸುವ ಆದೇಶ ಹೊರಟಾಗ ಅದು ‘ಅವರ’ ಒಳಿತಿಗೆ ಎಂದು ತಲೆಯಾಡಿಸುವವರು ನಾವೇ ಅಲ್ಲವೇ? ಚಾಮರಾಜಪೇಟೆ ಇರುವುದು ಬೆಂಗಳೂರಿನ ನಡುಮಧ್ಯದಲ್ಲಿ.

2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರ ಮೇಲೆ ದಾಳಿಯಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಿದಾಡಿ, ಕಾರ್ಮಿಕರು ಊರಿಗೆ ಹೊರಡತೊಡಗಿದರು. ಹೆಚ್ಚುಕಡಿಮೆ 2012ರದೇ ಚಿತ್ರ. ಅಲ್ಲಿನ ಪೊಲೀಸರು ಸುಳ್ಳು ಹಬ್ಬಿಸಿದವರ ಮೇಲೆ ಮೊಕದ್ದಮೆ ಹೂಡಿದರು. ಅಷ್ಟಕ್ಕೇ ನಿಲ್ಲದೆ ಕಾರ್ಮಿಕರ ವಸತಿಗಳಿಗೆ ಹೋಗಿ ಹಿಂದಿಯಲ್ಲಿ ಮಾತನಾಡಿದರು. ಬಿಹಾರ ಸರ್ಕಾರ ನಾಲ್ವರು ಅಧಿಕಾರಿಗಳ ತಂಡವನ್ನು ಕಳುಹಿಸಿತು. ಅವರು ಕಾರ್ಮಿಕರನ್ನು ಕಂಡು ತಮ್ಮ ರಾಜ್ಯಕ್ಕೆ ವರದಿ ಮಾಡಿದರು. ಭರವಸೆಯ ಮಾತು ಕಾರ್ಮಿಕರ ಭಾಷೆಯಲ್ಲಿ, ಅವರ ಊರಿನವರ ಬಾಯಿಂದ ಬಂತು. ಬೆಂಗಳೂರಿನಲ್ಲಿ ಇಂದು ಅಸ್ಸಾಮ್, ಮಣಿಪುರ, ಒಡಿಶಾ, ಬಿಹಾರಗಳ ಲಕ್ಷಾಂತರ ಜನರಿದ್ದಾರೆ. ಅವರು ಯಾರ ಮಾತು ಕೇಳುತ್ತಾರೆ, ಯಾವ ಸಂಘದ ಕಾರ್ಯದರ್ಶಿ, ಯಾವ ಮೇಸ್ತ್ರಿ, ಯಾವ ಚರ್ಚಿನ ಪಾದ್ರಿ ಎಂಬ ಪಟ್ಟಿ ನಮ್ಮ ಎಷ್ಟು ಪೊಲೀಸ್ ಠಾಣೆಗಳಲ್ಲಿದೆ?