ಇಯರ್‌ಫೋನಿನ ಸಲಿಗೆ

ಕಳೆದ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಕೂತಿದ್ದೆ. ಊಟ ಆದಮೇಲಿನ ಗೋಷ್ಠಿ, ಅರ್ಧ ಸಭಾಂಗಣ ತೂಕಡಿಸುತ್ತಿತ್ತು. ಪ್ರಬಂಧ ಮಂಡಿಸುತ್ತಿದ್ದವರು ಪರದೆಯ ಮೇಲೆ ಎರಡು ಚಿತ್ರ ಹಾಕಿದರು. ಎಡಕ್ಕೆ ಹಳೆಯ ವಾಲ್ವ್ ರೇಡಿಯೋ. ಬಲಕ್ಕೆ ಮೆಟ್ರೋದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಒಬ್ಬ ಹುಡುಗಿ. ರೇಡಿಯೋದ ಕೆಳಗೆ ‘ಒಬ್ಬರಿಂದ ಎಲ್ಲರಿಗೆ’ ಎಂದೂ ಹುಡುಗಿಯ ಕೆಳಗೆ ‘ಒಬ್ಬರಿಂದ ಒಬ್ಬರಿಗೆ’ ಎಂದೂ ಬರೆದಿತ್ತು. ಪ್ರಸಾರದ ಕಾಲ ಮುಗಿಯಿತು, ಇನ್ನು ಮುಂದೆ ಪಾಡ್‌ಕಾಸ್ಟ್ ಎಂಬ ಆಪ್ತ ಮಾಧ್ಯಮದ ಕಾಲ ಎಂಬುದು ಅವರ ವಾದ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಪಕ್ಕದಲ್ಲಿ ನನ್ನ ಗೈಡ್ ಕೂತಿದ್ದರು.

ಸಿಟ್ಟು ಬಂದದ್ದು ಹಾಸ್ಟೆಲಿಗೆ ನಡೆದು ಬರುವಾಗ. ನಾಲ್ಕು ವರ್ಷದಿಂದ ನಾನು ಉತ್ತರ ಕರ್ನಾಟಕದ ರೇಡಿಯೋ ಕೇಳುಗರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಎರಡು ವರ್ಷದಿಂದ ಗೆಳತಿಯೊಬ್ಬಳ ಜೊತೆ ಒಂದು ಸಣ್ಣ ಪಾಡ್‌ಕಾಸ್ಟನ್ನೂ ನಡೆಸುತ್ತಿದ್ದೇನೆ. ಹೊರಗಿನ ಗದ್ದಲ ಬರಬಾರದೆಂದು ಇಬ್ಬರೂ ಕೌದಿ ಹೊದ್ದುಕೊಂಡು ಮಾತಾಡುತ್ತೇವೆ. ಹಾಗಾಗಿ ಎರಡೂ ಮನೆಯ ಉಪ್ಪು ತಿಂದ ನನಗೆ ಆ ಎರಡು ಚಿತ್ರಗಳ ಮೇಲೆ ತಕರಾರು ಇದೆ. ‘ಆಪ್ತ’ ಎಂಬ ಶಬ್ದವನ್ನು ನಾವು ತೀರಾ ಅಗ್ಗಕ್ಕೆ ಮಾರುತ್ತಿದ್ದೇವೆ.

ಗದಗಿನ ಕಡೆಯ ನಮ್ಮೂರಲ್ಲಿ ರೇಡಿಯೋ ಇದ್ದದ್ದು ಅಡುಗೆಮನೆಯ ಗೂಡಿನಲ್ಲಿ. ಧಾರವಾಡ ಆಕಾಶವಾಣಿ ಹಚ್ಚಿಟ್ಟು ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕೇಳುತ್ತ ಕೇಳುತ್ತ ಅದರ ಜೊತೆ ಜಗಳ ಆಡುತ್ತಿದ್ದಳು. ಕೃಷಿರಂಗದಲ್ಲಿ ಯಾರೋ ಗೊಬ್ಬರದ ಲೆಕ್ಕ ಹೇಳಿದರೆ, “ನಿಮ್ಮಪ್ಪ ಕೊಡ್ತಾನೇನ ರೊಕ್ಕ?” ಅನ್ನುತ್ತಿದ್ದಳು. ಪಡಸಾಲೆಯಿಂದ ಅಜ್ಜ ನಗುತ್ತಿದ್ದ. ಒಂದು ದನಿ, ನಾಲ್ಕು ಜನ, ನಡುವೆ ಅಜ್ಜಿಯ ಟಿಪ್ಪಣಿ. ‘ಎಲ್ಲರಿಗೆ’ ಹೊರಟ ಮಾತು ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ನಮ್ಮದೇ ಆಗಿರುತ್ತಿತ್ತು. ಮೆಟ್ರೋದ ಆ ಹುಡುಗಿಯ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ, ನಿಜ. ಅವಳ ಪಕ್ಕದಲ್ಲಿ ಕೂತವರಿಗೆ ಮಾತ್ರ ಅವಳು ಯಾಕೆ ನಕ್ಕಳೆಂದು ಗೊತ್ತಾಗುವುದಿಲ್ಲ. ಒಬ್ಬರೇ ಕೇಳುವುದಕ್ಕೆ ಒಂಟಿಯಾಗಿ ಕೇಳುವುದು ಎಂಬ ಸರಳ ಹೆಸರಿದೆ.

ಇನ್ನು ಕಿವಿಯಲ್ಲಿ ‘ನೀನು’ ಎಂದು ಪಿಸುಗುಡುವ ಕಲೆ. ಇದನ್ನು ಪಾಡ್‌ಕಾಸ್ಟ್ ಕಂಡುಹಿಡಿದದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲಿ ಬರೆದ ಲೇಖನವೊಂದನ್ನು ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ರೇಡಿಯೋ, ಟೀವಿಯ ನಿರೂಪಕರ ಜೊತೆ ಕೇಳುಗರಿಗೆ ಬೆಳೆಯುವ ಏಕಮುಖ ಸಲಿಗೆಗೆ ಅವರು ‘ಪ್ಯಾರಾಸೋಷಿಯಲ್’ ಎಂಬ ಹೆಸರು ಕೊಟ್ಟರು. ಅದರಲ್ಲಿ ‘ಲೋನ್‌ಸಮ್ ಗ್ಯಾಲ್’ ಎಂಬ ಅಮೆರಿಕದ ರೇಡಿಯೋ ಕಾರ್ಯಕ್ರಮದ ಪ್ರಸ್ತಾಪ ಬರುತ್ತದೆ. ಹೆಸರು ಹೇಳದ ಒಬ್ಬ ಹೆಣ್ಣು, ಕೇಳುತ್ತಿರುವ ಗಂಡಸು ತನ್ನ ಇನಿಯನೇ ಎಂಬಂತೆ, ಅವನೊಬ್ಬನಿಗೇ ಎಂಬಂತೆ ಮಾತಾಡುತ್ತಿದ್ದಳು. ಅದು ಊರೂರಿಗೂ ಪ್ರಸಾರವಾಗುತ್ತಿತ್ತು! ಎಪ್ಪತ್ತು ವರ್ಷ ಹಿಂದೆಯೇ ಪ್ರಸಾರ ಮಾಧ್ಯಮಕ್ಕೆ ಈ ವಿದ್ಯೆ ಕರಗತವಾಗಿತ್ತು. ಇವತ್ತು “ಹಾಯ್ ಫ್ರೆಂಡ್ಸ್, ನೀವು ನಮ್ಮ ಫ್ಯಾಮಿಲಿ” ಎಂದು ಶುರುಮಾಡಿ ಎರಡನೇ ನಿಮಿಷಕ್ಕೆ ಹೂಡಿಕೆ ಆ್ಯಪಿನ ಜಾಹೀರಾತು ಓದುವವರು ಅದನ್ನು ಹೊಸದಾಗಿ ಕಲಿತಿದ್ದಾರೆ, ಅಷ್ಟೇ.

ಹಾಗಾದರೆ ಆಪ್ತತೆಯನ್ನು ಅಳೆಯುವುದು ಹೇಗೆ? ನನಗೆ ಒಂದು ಅಳತೆ ಸಿಕ್ಕಿದ್ದು ಗ್ರಂಥಾಲಯದ ಹೊರಗೆ. ಕ್ಷೇತ್ರಕಾರ್ಯಕ್ಕೆ ಹೋದಾಗ ನಿವೃತ್ತ ಕನ್ನಡ ಸಾಲಿ ಮಾಸ್ತರರೊಬ್ಬರು ತಗಡಿನ ಟ್ರಂಕು ತೆರೆದು ಒಂದು ನೋಟುಬುಕ್ಕು ತೋರಿಸಿದರು. ಆಕಾಶವಾಣಿಗೆ ಬರೆದ ಪ್ರತಿ ಕಾರ್ಡಿನ ದಿನಾಂಕ, ಕಾರ್ಯಕ್ರಮದ ಹೆಸರು, ಓದಿದರೋ ಬಿಟ್ಟರೋ ಎಂಬುದು ಅದರಲ್ಲಿ ಕೆಂಪು ಶಾಯಿಯಲ್ಲಿತ್ತು. ಬಿಟ್ಟದ್ದೇ ಹೆಚ್ಚು. ಒಮ್ಮೆ ಹಿಂಗಾರಿ ಜೋಳ ಬಿತ್ತುವ ಹೊತ್ತಿನ ಬಗ್ಗೆ ರೇಡಿಯೋದಲ್ಲಿ ಹೇಳಿದ್ದು ತಮ್ಮ ಎರಿಹೊಲಕ್ಕೆ ಹೊಂದುವುದಿಲ್ಲ ಎಂದು ಇವರು ಬರೆದರಂತೆ. ಎರಡು ವಾರದ ಮೇಲೆ ಪತ್ರೋತ್ತರದಲ್ಲಿ ಇವರ ಹೆಸರು, ಊರು ಓದಿ, ಹೌದು, ಎರಿಭೂಮಿಯ ಮಾತು ಬೇರೆ ಎಂದು ಒಪ್ಪಿಕೊಂಡರಂತೆ. “ನನ್ನ ಕಾರ್ಡು ಓದಿದ ದಿನ ಊರಾಗ ಎಲ್ಲಾರ ಚಹಾ ನನ್ನ ಲೆಕ್ಕ,” ಅಂದರು ಮಾಸ್ತರರು.

ಒಂದು ಮನುಷ್ಯನ ಮಾತು ಕಾರ್ಯಕ್ರಮದ ಒಳಕ್ಕೆ ಬಂತು, ಅದರ ಸಮಯದಲ್ಲಿ ಪಾಲು ತಗೊಂಡಿತು, ಅದನ್ನು ತಿದ್ದಿತು. ಪಾಡ್‌ಕಾಸ್ಟಿಗೂ ಕಾಮೆಂಟ್ ಇದೆಯಲ್ಲ ಎಂದು ಗೆಳೆಯರು ವಾದಿಸುತ್ತಾರೆ. ಇದೆ. ಅದು ಕಂತಿನ ಕೆಳಗೆ ಬಿದ್ದಿರುತ್ತದೆ, ಒಳಗೆ ಬರುವುದಿಲ್ಲ. ನಮ್ಮ ಪಾಡ್‌ಕಾಸ್ಟನ್ನೇ ತೆಗೆದುಕೊಳ್ಳಿ. ಮೊದಲ ಹದಿಮೂರು ಕಂತುಗಳಲ್ಲಿ ಒಬ್ಬ ಕೇಳುಗರ ಒಂದು ವಾಕ್ಯವನ್ನೂ ನಾವು ಓದಿರಲಿಲ್ಲ. ಕಾಮೆಂಟಿಗೆ ಹೃದಯದ ಗುರುತು ಒತ್ತಿ ಕೈತೊಳೆದುಕೊಂಡಿದ್ದೆವು. ಮಾಸ್ತರರ ನೋಟುಬುಕ್ಕು ನೋಡಿದ ದಿನ ನಾಚಿಕೆಯಾಯಿತು.

ರೇಡಿಯೋದ ಗುಣಗಾನಕ್ಕೆ ಕೂತವಳಲ್ಲ ನಾನು. ಎಂ.ಎ. ಮುಗಿಸಿದ ವರ್ಷ ಒಂದು ನಿಲಯದ ತಾತ್ಕಾಲಿಕ ಉದ್ಘೋಷಕರ ಆಡಿಷನ್ನಿಗೆ ಹೋಗಿದ್ದೆ. ಗಾಜಿನ ಆಚೆ ಮೂರು ಜನ. ಓದಿ ಹೊರಬಂದಾಗ ಅವರಲ್ಲೊಬ್ಬರು, ಬೈಯುವ ದನಿಯಲ್ಲೂ ಅಲ್ಲ, ಕನಿಕರದಲ್ಲಿ ಹೇಳಿದರು: “ದನಿ ಚೆನ್ನಾಗಿದೆಯಮ್ಮ, ಉಚ್ಚಾರದಲ್ಲಿ ಊರು ಕಾಣುತ್ತೆ.” ಊರು ಕಾಣಬಾರದೇಕೆ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ. ದಶಕಗಳ ಕಾಲ ಅಧಿಕೃತ ದನಿ ಎಂದರೆ ಊರಿಲ್ಲದ ದನಿ. ನಾಟಕದಲ್ಲಿ, ಹರಟೆಯಲ್ಲಿ ಆಡುಮಾತಿಗೆ ಜಾಗ ಕೊಟ್ಟದ್ದೂ ಅದೇ ಆಕಾಶವಾಣಿ, ಸುಳ್ಳಲ್ಲ. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ ಎಂದೇ ಹೆಸರಾದದ್ದು ಅದರಿಂದಲೇ. ಆದರೆ ನಗಿಸುವಾಗ ಆಡುಮಾತು, ಸುದ್ದಿ ಹೇಳುವಾಗ ಶಿಷ್ಟ ಎಂಬ ಪಂಕ್ತಿಭೇದ ಹೋಗಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಆಲ್ ಇಂಡಿಯಾ ರೇಡಿಯೋವನ್ನು ಜನ ‘ಆಲ್ ಇಂದಿರಾ ರೇಡಿಯೋ’ ಎಂದು ಆಡಿಕೊಂಡದ್ದೂ ಸುಮ್ಮನೆ ಅಲ್ಲ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಖಾಸಗಿ ಎಫ್‌ಎಂಗಳು ಇವತ್ತಿಗೂ ತಾವೇ ಸುದ್ದಿ ಕಟ್ಟಿ ಹೇಳುವಂತಿಲ್ಲ. ಹಾಡು ಹಾಕಬಹುದು, ಪ್ರಾಂಕ್ ಕಾಲ್ ಮಾಡಬಹುದು.

ಆದರೆ ಇದೆಲ್ಲ ರೇಡಿಯೋ ಎಂಬ ಯಂತ್ರದ ಗುಣವೇ? ಇಲ್ಲಿಯೇ ನಮ್ಮ ಪ್ರಬಂಧಕಾರರು ಎಡವಿದ್ದು. ಕರ್ನಾಟಕದಲ್ಲಿ ಬಾನುಲಿ ಹುಟ್ಟಿದ್ದೇ ಒಂದು ಮನೆಯಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ನಡೆಸಿದರು. ಒಬ್ಬ ಮೇಷ್ಟ್ರು, ಅವರ ಹುಚ್ಚು, ಒಂದು ಮನೆ. ಪಾಡ್‌ಕಾಸ್ಟಿನ ಬಗ್ಗೆ ಇವತ್ತು ಹೇಳುವುದನ್ನೆಲ್ಲ ಅದರ ಬಗ್ಗೆಯೂ ಹೇಳಬಹುದು. 1942ರಲ್ಲಿ ಅದು ಮೈಸೂರು ಸಂಸ್ಥಾನದ ಕೈಗೆ ಹೋಯಿತು, ಮುಂದೆ ಹೆಸರೂ ಇಡೀ ದೇಶದ ಬಾನುಲಿಯ ಹೆಸರಾಯಿತು. ಅದಕ್ಕೂ ಮೊದಲು 1932ರಲ್ಲೇ ಬರ್ಟೋಲ್ಟ್ ಬ್ರೆಕ್ಟ್ ಹೇಳಿದ್ದ: ರೇಡಿಯೋ ಬರೀ ಹಂಚುವ ಯಂತ್ರವಾಗಿ ಉಳಿಯಬಾರದು, ಕೇಳುಗನೂ ಮಾತಾಡುವಂತೆ ಅದನ್ನು ಬದಲಿಸಬೇಕು ಎಂದು. ಯಂತ್ರಕ್ಕೆ ಅದು ಸಾಧ್ಯವಿತ್ತು. ಅಡ್ಡ ಬಂದದ್ದು ಪರವಾನಗಿ.

ಅದರ ಪುರಾವೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿದೆ. ವಾಯುತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯ ಜನಕ್ಕೆ ಪ್ರಸಾರದ ಅನುಮತಿ ಇರಲಿಲ್ಲ. ಅಲ್ಲಿನ ‘ನಮ್ಮ ಧ್ವನಿ’ಯವರು 2003ರಲ್ಲಿ ತರಂಗದ ಗೊಡವೆಯೇ ಬೇಡವೆಂದು ಕೇಬಲ್ ತಂತಿಯಲ್ಲಿ ದನಿ ಹರಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಮ್ಮ ಕನ್ನಡದಲ್ಲಿ ತಮ್ಮ ಊರಿಗೆ ಮಾತಾಡಿದರು. ಜನಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಆ ತಂತಿಯ ದನಿ ‘ಪ್ರಸಾರ’ವೋ ‘ಆಪ್ತ’ವೋ? ನಮ್ಮ ಪರದೆಯ ಎರಡು ಚಿತ್ರಗಳ ಯಾವ ಕಡೆ ಹಾಕುತ್ತೀರಿ ಅದನ್ನು?

ಈ ಹಿನ್ನೆಲೆಯಲ್ಲಿ ನೋಡಿದರೆ ಪಾಡ್‌ಕಾಸ್ಟಿನ ನಿಜವಾದ ದೊಡ್ಡಸ್ತಿಕೆ ಕಾಣುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ. ಆರೆಸ್ಸೆಸ್ ಫೀಡ್ ಎಂಬ ಸರಳ ಉಪಾಯದಲ್ಲಿ (ಹೆಸರು ಕೇಳಿ ಗಾಬರಿಯಾಗಬೇಡಿ, ಇದು ತಂತ್ರಾಂಶದ ಮಾತು) ನಿಮ್ಮ ದನಿ ಕೇಳುಗರಿಗೆ ನೇರ ತಲುಪುತ್ತದೆ. 2004ರಲ್ಲಿ ‘ಪಾಡ್‌ಕಾಸ್ಟ್’ ಎಂಬ ಹೆಸರು ಬಂದಾಗ ಇದ್ದದ್ದು ಇದೇ. ಗಾಜಿನ ಆಚೆ ಮೂರು ಜನ ಇಲ್ಲ. ಉಚ್ಚಾರದಲ್ಲಿ ಊರು ಕಂಡರೆ ಕಾಣಲಿ.

ಈ ಸ್ವಾತಂತ್ರ್ಯವನ್ನು ಕನ್ನಡದಲ್ಲಿ ನಾವು ಏನು ಮಾಡಿದೆವು? ‘ತಲೆ-ಹರಟೆ’ಯಂಥವರು ಕನ್ನಡದಲ್ಲಿ ಕೂತು ಗಂಭೀರ ವಿಷಯಗಳನ್ನು ಹರಟಬಹುದೆಂದು ತೋರಿಸಿದರು, ಅವರ ಋಣ ಇದೆ. ಉಳಿದಂತೆ ಇವತ್ತು ‘ಪಾಡ್‌ಕಾಸ್ಟ್’ ಎಂದರೆ ಯೂಟ್ಯೂಬಿನಲ್ಲಿ ಎರಡು ಸೋಫಾ, ಎರಡು ದಪ್ಪ ಮೈಕು, ನೀಲಿ-ಕೆನ್ನೀಲಿ ದೀಪ. ಒಬ್ಬ ನಟ, ಇಲ್ಲ ಒಬ್ಬ ಉದ್ಯಮಿ, ಇಲ್ಲ ಒಬ್ಬ ಜ್ಯೋತಿಷಿ. ಎರಡು ಗಂಟೆಯ ಮಾತಿನಿಂದ ಅತ್ತದ್ದನ್ನು ಕತ್ತರಿಸಿ ರೀಲು ಮಾಡುತ್ತಾರೆ. ಕನ್ನಡವೋ, ಬೆಂಗಳೂರಿನ ಕಾರ್ಪೊರೇಟ್ ಕ್ಯಾಂಟೀನಿನದು. ಬೀದರಿನ ಕನ್ನಡ ಎಲ್ಲಿ? ಕುಂದಾಪುರದ್ದು, ಚಾಮರಾಜನಗರದ್ದು? ಬಂದರೆ ಕಾಮಿಡಿಗೆ ಬರುತ್ತದೆ. ಆಕಾಶವಾಣಿಯ ಪಂಕ್ತಿಭೇದವನ್ನು ಯಾರೂ ಹೇರದಿದ್ದರೂ ನಾವೇ ಎತ್ತಿಕೊಂಡು ಬಂದೆವು. ಆಡಿಷನ್ನಿನ ಮೂರು ಜನಕ್ಕೆ ಮುಖವಾದರೂ ಇತ್ತು, ಎದ್ದು ಹೋಗಿ ಯಾಕೆ ಎಂದು ಕೇಳಬಹುದಿತ್ತು, ನಾನು ಕೇಳಲಿಲ್ಲ ಅಷ್ಟೇ. ಈಗಿನ ಅಲ್ಗಾರಿದಮ್ಮಿಗೆ ಕಾರ್ಡು ಬರೆಯುವುದು ಯಾವ ವಿಳಾಸಕ್ಕೆ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವವರು ಪ್ರತಿ ಕಂತಿನಲ್ಲೂ ಕೇಳಿದವರಿಗೆ ಒಂದಿಷ್ಟು ಹೊತ್ತು ಬಿಟ್ಟುಕೊಡಲಿ, ಅದೂ ಹೊಗಳಿದವರಿಗಿಂತ ತಕರಾರು ತೆಗೆದವರಿಗೆ. ಫೀಡನ್ನು ಯಾವುದೋ ಒಂದೇ ಆ್ಯಪಿನ ಕೈಗೆ ಕೊಟ್ಟು ಕೂರದಿರಲಿ. ತಮ್ಮ ಮನೆಯಲ್ಲಿ ಆಡುವ ಕನ್ನಡದಲ್ಲೇ ಸುದ್ದಿ, ವಿಜ್ಞಾನ, ರಾಜಕೀಯ ಮಾತಾಡಲಿ. ಅದು ಬಿಟ್ಟು ಇಯರ್‌ಫೋನ್ ತೋರಿಸಿ ‘ಒಬ್ಬರಿಂದ ಒಬ್ಬರಿಗೆ’ ಅನ್ನುವುದಾದರೆ, ಮೈಕಿನ ಒಂದು ಕಡೆ ಮಾತ್ರ ಮನುಷ್ಯರಿದ್ದಾರೆ ಎಂಬುದನ್ನೂ ಅದೇ ಪರದೆಯ ಮೇಲೆ ಬರೆಯಿರಿ.

ಹದಿನಾಲ್ಕನೇ ಕಂತನ್ನು ವಾಟ್ಸಾಪಿನಲ್ಲಿ ತಮ್ಮನ ಫೋನಿಗೆ ಕಳಿಸಿ ಅಜ್ಜಿಗೆ ಕೇಳಿಸು ಅಂದೆ. ಅವನು ಫೋನನ್ನು ರೇಡಿಯೋ ಇದ್ದ ಅದೇ ಗೂಡಿನಲ್ಲಿಟ್ಟು ಕೇಳಿಸಿದನಂತೆ. ರಾತ್ರಿ ಅವಳ ವಾಯ್ಸ್ ನೋಟ್ ಬಂತು. “ಭಾಳ ಜಲ್ದಿ ಮಾತಾಡ್ತಿಯವ್ವಾ, ಉಸುರು ತಗೋ. ಅಷ್ಟು ಹೊತ್ತು ಹೇಳಿದಿ, ನೀ ಹೆಂಗದಿ ಅಂತ ಒಂದ ಮಾತು ಕೇಳಲಿಲ್ಲ ನೋಡು.” ಆಮೇಲೆ ನಾನು ರೊಟ್ಟಿಯ ಬಗ್ಗೆ ಹೇಳಿದ್ದರಲ್ಲಿ ಎರಡು ತಪ್ಪು ಎತ್ತಿ ತೋರಿಸಿದ್ದಳು. ಮುಂದಿನ ಭಾನುವಾರ ಹದಿನೈದನೇ ಕಂತು ಬರುತ್ತದೆ. ಮೊದಲ ಮೂರು ನಿಮಿಷ ಅಜ್ಜಿಯದು. ನಡುವೆ ಎಮ್ಮೆ ಒದರುವುದಿದೆ, ಅದನ್ನು ಕತ್ತರಿಸಿಲ್ಲ.