ಹೊಗೆಯಿಂದ ಅನಿಲ ಹಿಡಿಯುವವರಿಗೆ ಮೂರು ಪ್ರಶ್ನೆ

ರಾಣೆಬೆನ್ನೂರಿನಿಂದ ಹರಿಹರದ ಕಡೆ ಹೋಗುವಾಗ ಕುಮಾರಪಟ್ಟಣದ ಕಾರ್ಖಾನೆಯ ಚಿಮಣಿಯನ್ನು ನಾವೆಲ್ಲ ನೋಡಿದ್ದೇವೆ. ಉರುವಲು ಉರಿಸಿದ ಯಾವ ಹೊಗೆಯಲ್ಲೂ ಇಂಗಾಲದ ಡೈಆಕ್ಸೈಡ್ ಇರುತ್ತದೆ; ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಅದರಿಂದ. ಅದನ್ನು ಚಿಮಣಿಯಲ್ಲೇ ಹಿಡಿದುಬಿಡೋಣ ಎಂಬ ಮಾತು ಈಗ ದಿಲ್ಲಿಯಲ್ಲೂ ಇದೆ. ನೀತಿ ಆಯೋಗ 2022ರಲ್ಲೇ ಇದರ ಬಗ್ಗೆ ವರದಿ ಕೊಟ್ಟಿದೆ. ಹಿಡಿಯಬಹುದು, ನಿಜ. ಆದರೆ ಖರ್ಚೆಷ್ಟು, ಉಳಿಯುವುದೆಷ್ಟು ಎಂದು ಮೊದಲು ಕೇಳಬೇಕು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ ಹೆಣ್ಣುಮಕ್ಕಳಿಗೆ ಈ ಲೆಕ್ಕ ಗೊತ್ತು. ರಾಶಿಯಲ್ಲಿ ಅರ್ಧ ಬಿಳಿಗಾಯಿ ಇದ್ದರೆ ಒಂದು ಕಿಲೋ ಬೇಗ ಆರಿಸಬಹುದು. ಅಲ್ಲೊಂದು ಇಲ್ಲೊಂದು ಇದ್ದರೆ ಅದೇ ಒಂದು ಕಿಲೋಗೆ ಇಡೀ ರಾಶಿ ತಿರುವಬೇಕು.

ಅನಿಲದ ಕಥೆಯೂ ಅಷ್ಟೇ. ಕಲ್ಲಿದ್ದಲಿನ ಹೊಗೆಯಲ್ಲಿ ಅದು ನೂರಕ್ಕೆ 12–14 ಪಾಲು ಮಾತ್ರ. ಅಮೈನ್ ಎಂಬ ರಾಸಾಯನಿಕ ಬೆರೆಸಿದ ನೀರು ಅದನ್ನು ಹೀರುತ್ತದೆ. ಹೀರಿದ್ದನ್ನು ಬಿಡಿಸಲು ಆ ನೀರನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಹೀಗೆ ನೂರಕ್ಕೆ 90 ಪಾಲು ಹಿಡಿಯಬಹುದು. ಆದರೆ ಕಾಯಿಸಲು ಮತ್ತೆ ಕಲ್ಲಿದ್ದಲನ್ನೇ ಸುಟ್ಟರೆ ಗಳಿಸಿದ್ದರಲ್ಲಿ ಒಂದಿಷ್ಟು ಅಲ್ಲೇ ಹೋಯಿತು.

ಕಬ್ಬು, ಗೋವಿನಜೋಳದಿಂದ ಎಥೆನಾಲ್ ಮಾಡುವ ಕಡೆ ಹಾಗಲ್ಲ. ಹುದುಗು ಬರಿಸುವಾಗ ಒಂದು ಲೀಟರ್ ಎಥೆನಾಲ್‌ಗೆ ಸುಮಾರು ಮುಕ್ಕಾಲು ಕಿಲೋ ಅನಿಲ ಬರುತ್ತದೆ, ಅದೂ ಹೆಚ್ಚುಕಡಿಮೆ ಶುದ್ಧವಾಗಿ. ತೇವ ತೆಗೆದು ಒತ್ತಿ ತುಂಬಿದರೆ ಆಯಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2021ರ ಲೆಕ್ಕದಲ್ಲಿ ಇಂಥ ಕಡೆ ಟನ್ನಿಗೆ 15–25 ಡಾಲರ್ ಖರ್ಚು. ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆಯ ಹೊಗೆಯಿಂದಾದರೆ 40–120 ಡಾಲರ್.

ಆದ್ದರಿಂದ ಅಗ್ಗದ ಕೆಲಸ ಮೊದಲು ಆಗಲಿ. ದುಬಾರಿ ಕೆಲಸಕ್ಕೆ ನಮ್ಮ ತೆರಿಗೆ ಹಣ ಕೇಳಿದರೆ, 'ಹಸಿರು ಕಾರ್ಖಾನೆ' ಎಂದು ಊರಿಗೆ ಬಂದರೆ, ಪರಿಸರ ಅಹವಾಲು ಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ನಿಮ್ಮ ಹೊಗೆಯಲ್ಲಿ ಈ ಅನಿಲ ನೂರಕ್ಕೆಷ್ಟು? ಹಿಡಿಯಲು ಬೇಕಾದ ಉಗಿ, ಕರೆಂಟು, ನೀರು ಎಲ್ಲಿಂದ? ಹಿಡಿದದ್ದು ಎಲ್ಲಿಗೆ ಹೋಗುತ್ತದೆ? ಸೋಡಾ ಬಾಟಲಿಗೆ ಹೋದರೆ, ಮುಚ್ಚಳ ತೆಗೆದ ಕೂಡಲೇ ಅದು ಮತ್ತೆ ಗಾಳಿಗೇ.

ಕೇಳುವುದು ನಮ್ಮವರಿಗೆ ಹೊಸದಲ್ಲ. 1987ರಲ್ಲಿ ಕುಸನೂರಿನಲ್ಲಿ ಜನ ಊರ ಭೂಮಿಯ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದೇ ಅಂದಿನ ಪ್ರಶ್ನೆ. ಲೆಕ್ಕ ಕೇಳಿ ಕೆಟ್ಟವರಿಲ್ಲ.